ಯಾವ ಊರಿನ ರಾಹುಕಾಲ?

ಕಡಲಾಚೆಯ ಕೆಂಟನ್ನಿನ ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಸೂರ್ಯ ದಿನವೂ ಮೈಸೂರಿನ ಸಮಯಕ್ಕೇ ಹುಟ್ಟುತ್ತಾನೆ. ಊರಿನಿಂದ ಬರುವವರ ಕೈಲಿ ವರ್ಷವರ್ಷವೂ ತರಿಸಿಕೊಳ್ಳುವ ಪಂಚಾಂಗದ ಕ್ಯಾಲೆಂಡರಿನ ಕೃಪೆ ಇದು. ಕಿಟಕಿಯಾಚೆಯ ಸೂರ್ಯ ಮಾತ್ರ, ಬಂದರೆ, ತನಗೆ ತೋಚಿದಾಗ ಬರುತ್ತಾನೆ. ಇಷ್ಟು ಕಾಲ ಕಾಣದಿದ್ದ ಈ ವೈರುಧ್ಯವನ್ನು ನನಗೆ ತೋರಿಸಿಕೊಟ್ಟದ್ದು, ನೀವು ನಗಬಾರದು, ನನ್ನ ಪಿಂಚಣಿ.

ಕಚೇರಿಯವರು ಈ ಸಲ ನಿವೃತ್ತಿಯ ಉಳಿತಾಯಕ್ಕೆ ಎರಡು ದಾರಿ ತೋರಿಸಿ, ಶುಕ್ರವಾರ ಸಂಜೆಯೊಳಗೆ ಒಂದನ್ನು ಆರಿಸಿ ಎಂದರು. ಒಂದು ಪಿಂಚಣಿ: ತೆರಿಗೆ ಇಂದು ಉಳಿಯುತ್ತದೆ, ಮುಪ್ಪಿನಲ್ಲಿ ಹಣ ತೆಗೆಯುವಾಗ ಕಟ್ಟಬೇಕು. ಇನ್ನೊಂದು ಐಸಾ ಎಂಬ ಖಾತೆ: ತೆರಿಗೆಯನ್ನು ಇಂದೇ ಕಟ್ಟಿ ಮುಗಿಸಿದರೆ ಮುಂದೆ ಕೇಳುವವರಿಲ್ಲ, ಆದರೆ ಆ ವಿನಾಯಿತಿ ಸಮುದ್ರ ದಾಟಿ ಮೈಸೂರಿನವರೆಗೆ ನಮ್ಮ ಹಿಂದೆ ಬರುವುದಿಲ್ಲ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನೇ ಸಾಗಹಾಕಿದ ನಾಡಿನವನಾದ ನನಗೆ ತೆರಿಗೆಯನ್ನೂ ನಾಳೆಗೆ ದಾಟಿಸುವುದೇ ಸಹಜಧರ್ಮವಾಗಿ ತೋರಿತು. ಆದರೂ ಕಂಪ್ಯೂಟರಿನ ಗುಂಡಿಯನ್ನು ಬೆರಳು ಒತ್ತಲೊಲ್ಲದು. ಎಲ್ಲಿ ಮುದುಕರಾಗುತ್ತೀರಿ ಎಂದು ಯಾರೋ ಸೌಜನ್ಯದಿಂದ ವಿಚಾರಿಸಿದಂತಾಗಿತ್ತು. ‘ಇನ್ನೆರಡು ವರ್ಷ, ಆಮೇಲೆ ಊರಿಗೆ’ ಎಂಬುದು ನಮ್ಮ ಮನೆಯ ಸುಪ್ರಭಾತ. ಅದನ್ನು ಹೇಳಿ ಹೇಳಿ ನಾನು ದಣಿದಿದ್ದೆ; ನಿಲ್ಲಿಸಿದರೆ ಹೆಂಡತಿ ವಸುಧೆ ನೊಂದುಕೊಳ್ಳುತ್ತಾಳೆಂಬ ಭಯಕ್ಕೆ ಮುಂದುವರಿಸಿದ್ದೆ.

ಶುಕ್ರವಾರ ಮನೆಯಿಂದಲೇ ಕೆಲಸ. ಕ್ಯಾಲೆಂಡರು ಹತ್ತೂವರೆಗೆ ರಾಹುಕಾಲ ಎಂದಿತು. ನನ್ನ ದೈವಭಕ್ತಿ ಅಷ್ಟಕ್ಕಷ್ಟೇ. ಆದರೆ ತೀರ್ಮಾನವನ್ನು ಮುಂದೂಡಲು ಶಾಸ್ತ್ರಸಮ್ಮತ ನೆಪವೊಂದು ತಾನಾಗಿ ಸಿಕ್ಕಾಗ ಬಿಡುವವರುಂಟೇ? ಮೈಸೂರಿನ ಹತ್ತೂವರೆಯಾದರೆ ನಾವು ಮಲಗಿದ್ದಾಗಲೇ ಕಳೆದುಹೋಯಿತು, ಇಲ್ಲಿಯದಾದರೆ ಇನ್ನೂ ಕಾಯಬೇಕು. ಯಾವುದೆಂದು ಹುರುಳಿಕಾಯಿ ಹೆಚ್ಚುತ್ತಿದ್ದ ವಸುಧೆಯನ್ನೇ ಕೇಳಿದೆ. ಅವಳು ಚಾಕು ಕೆಳಗಿಟ್ಟಳು.

“ರೀ, ರಾಹುಕಾಲಾನ ಅವರವರು ಇರೋ ಊರಿನ ಸೂರ್ಯನ್ನ ನೋಡಿ ಎಣಿಸೋದು. ನಾವಿರೋದು ಇಲ್ಲಿ.” ಹೆಚ್ಚಿದ ಕಾಯನ್ನು ಬದಿಗೆ ಸರಿಸಿ ಹೇಳಿದಳು: “ನೀವು ಬೇಜಾರು ಮಾಡ್ಕೋತೀರ ಅಂತ ಇಷ್ಟು ದಿನ ಹೇಳಿರ್ಲಿಲ್ಲ. ಊರಿಗೆ ಹೋಗಿ ಬರ್ತಾ ಇರೋಣ. ವಾಪಸ್ ಹೋಗಿ ಇರೋದು ಮಾತ್ರ ನನ್ನಿಂದ ಆಗಲ್ಲ.”

ಅವಳಿಗಾಗಿ ನಾನು, ನನಗಾಗಿ ಅವಳು, ಒಂದೇ ಸುಳ್ಳಿಗೆ ಇಬ್ಬರೂ ಅನ್ನ ಹಾಕಿ ಸಾಕಿದ್ದೆವು. ದುಃಖವಾಯಿತು. ಅದರ ಬೆನ್ನಿಗೇ, ಕಿಕ್ಕಿರಿದ ಟ್ಯೂಬ್ ರೈಲಿನಲ್ಲಿ ಕೊನೆಗೂ ಕೂರಲು ಜಾಗ ಸಿಕ್ಕಂಥ ಸಮಾಧಾನವೂ ಆಯಿತು. ತೆರಿಗೆಯನ್ನು ಇಂದೇ ತೆರುವ ಖಾತೆಯನ್ನು ಒತ್ತಿದೆ; ರಾಹು ಆಗ ಎಲ್ಲಿದ್ದನೋ ನೋಡಲಿಲ್ಲ.

ಕ್ಯಾಲೆಂಡರು ಗೋಡೆಯಲ್ಲೇ ಇದೆ. ಅದರಲ್ಲಿ ಹುಟ್ಟುವವನು ಈಗಲೂ ಮೈಸೂರಿನ ಸೂರ್ಯನೇ. ವಸುಧೆ ಪಕ್ಕದಲ್ಲಿ ಪೆನ್ಸಿಲಿನಿಂದ ಇಲ್ಲಿಯ ಸೂರ್ಯೋದಯವನ್ನು ಬರೆದಿಡುತ್ತಾಳೆ. ನಾನು ಎರಡನ್ನೂ ಓದಿ, ಪರದೆ ಸರಿಸಿ ಮೋಡವನ್ನು ನೋಡಿ, ಕಾಫಿಗೆ ನೀರಿಡುತ್ತೇನೆ.