ಓದದೆ ಬಿಟ್ಟ ಸಾಲು

ಮಾಸ್ತರ ಹುಬ್ಬಿನಲ್ಲಿ ಯಾವಾಗಲೂ ಒಂದಿಷ್ಟು ಹಿಟ್ಟು ಕೂತಿರುತ್ತಿತ್ತು. ಲಂಡನ್ನಿನ ಪಾರ್ಕ್ ರಾಯಲ್ ಬಡಾವಣೆಯ ಚಪಾತಿ ಫ್ಯಾಕ್ಟರಿಯಲ್ಲಿ ಬೆಳಗಿನ ಪಾಳಿ ಮುಗಿಸಿ, ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಮ್ಮ ಬಾಗಿಲಿಗೆ ಬಂದಾಗಲೂ ಆ ಬಿಳಿ ಹಾಗೇ ಇರುತ್ತಿತ್ತು. ಮೊದಲ ಸಲ ನೋಡಿದಾಗ ನರೆತ ಹುಬ್ಬು ಅಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಮುಖ ಒರೆಸಿಕೊಂಡರೆ ಹುಬ್ಬು ಕಪ್ಪಾಯಿತು, ನೀಲಿ ಕರವಸ್ತ್ರ ಬೆಳ್ಳಗಾಯಿತು. ನನ್ನ ಮಗಳು ಕಿಸಕ್ಕನೆ ನಕ್ಕಳು. ಅವರಿಗೇನೂ ಬೇಸರವಾದಂತೆ ಕಾಣಲಿಲ್ಲ.

ಗ್ರೀನ್‌ಫರ್ಡ್‌ನಲ್ಲಿ ನಮ್ಮಿಂದ ನಾಲ್ಕನೆಯ ಮನೆ ಅವರದು. ಹೆಂಡತಿ ನರ್ಸ್. ಆಕೆಗೆ ಲಂಡನ್ನಿನಲ್ಲಿ ಕೆಲಸ ಸಿಕ್ಕಾಗ ಇವರೂ ಜೊತೆಗೆ ಹೊರಟು ಬಂದವರು. ಅದಕ್ಕೂ ಮೊದಲು ವಿಜಯಪುರದ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಇತಿಹಾಸ ಹೇಳಿಕೊಡುತ್ತಿದ್ದರು. ಆ ಹಳ್ಳಿ ಈಗ ಕೃಷ್ಣೆಯ ಹಿನ್ನೀರಿನಡಿ ಇದೆ. ನಾನು ಬೆಂಗಳೂರಿನವಳು, ನಮ್ಮ ರೂಢಿಯಂತೆ ಮೇಷ್ಟ್ರೇ ಎನ್ನುತ್ತಿದ್ದೆ. ಅವರು ತಿರುಗಿಯೂ ನೋಡುತ್ತಿರಲಿಲ್ಲ. ಅವರ ಸೀಮೆಯಲ್ಲಿ ಮಾಸ್ತರ ಅನ್ನಬೇಕು, ಮೇಷ್ಟ್ರು ಅಂದರೆ ಹಿಂದೆ ಯಾರೋ ಬೇರೆಯವರು ನಿಂತಿದ್ದಾರೇನೋ ಅನ್ನಿಸುತ್ತದಂತೆ.

ಮಗಳು ಎ ಲೆವೆಲ್‌ಗೆ, ಅಂದರೆ ಇಲ್ಲಿಯ ಪಿಯುಸಿಗೆ, ಇತಿಹಾಸ ತೆಗೆದುಕೊಂಡಿದ್ದಳು. ಅಮೆರಿಕ ಬ್ರಿಟಿಷರಿಂದ ಬಿಡಿಸಿಕೊಂಡ ಮೇಲಿನ ಮೊದಲ ಐವತ್ತು ಅರವತ್ತು ವರ್ಷಗಳ ಪಾಠ: ಪಕ್ಷಗಳ ಜಗಳ, ಬ್ರಿಟನ್ನಿನ ಜೊತೆ ಮತ್ತೆ ಯುದ್ಧ, ಹತ್ತಿ, ಗಿರಣಿ, ಪಶ್ಚಿಮಕ್ಕೆ ಹಬ್ಬುತ್ತ ಹೋದ ಗಡಿ. ಕಂಪ್ಯೂಟರ್ ಓದಿದ ನನಗೆ ಅದೆಲ್ಲ ಕಬ್ಬಿಣದ ಕಡಲೆ. ಮಾಸ್ತರು ತಾವೇ ಹೇಳಿಕೊಡುತ್ತೇನೆಂದರು. ಅದಕ್ಕೆ ಅವರು ಕೇಳಿದ್ದು ಚಹಾ ಒಂದೇ. ನಮ್ಮ ಫಿಲ್ಟರ್ ಕಾಫಿಯನ್ನು ಕಷಾಯದಂತೆ ಆಚೆ ಸರಿಸುತ್ತಿದ್ದರು.

ಅಡುಗೆಮನೆಯ ಮೇಜೇ ಅವರ ಭೂಪಟ. ತಟ್ಟೆ ಇಟ್ಟು ಅದು ಹದಿಮೂರು ರಾಜ್ಯ ಅನ್ನುವರು, ಚಮಚ ಅಡ್ಡ ಮಲಗಿಸಿ ನದಿ ಅನ್ನುವರು, ಆಮೇಲೆ ನನ್ನ ಶೇಂಗಾ ಚಟ್ನಿಪುಡಿಯನ್ನು ತಟ್ಟೆಯಿಂದ ಮೇಜಿನ ಇನ್ನೊಂದು ತುದಿವರೆಗೂ ಸುರಿದು ದೇಶ ಹಿಗ್ಗಿಸುವರು. ಒರೆಸುವ ಕೆಲಸ ನನ್ನದು. ಉತ್ತರ ಹೇಳಬೇಕಾದರೆ ಮಗಳು ಎದ್ದು ನಿಲ್ಲಬೇಕಿತ್ತು. ಇಲ್ಲಿಯ ಶಾಲೆಯಲ್ಲಿ ಎಂದೂ ಹಾಗೆ ನಿಲ್ಲದ ಹುಡುಗಿ ಇವರ ಮುಂದೆ ಮಾತ್ರ ನೆಟ್ಟಗೆ ನಿಲ್ಲುತ್ತಿದ್ದಳು. "ಯುದ್ಧ ಓದೂದು ಸರಳ ಯವ್ವಾ, ಗೆದ್ದವ್ರು ಸೋತವ್ರು ಅಂತ ಇರ್ತಾರ. ಕಾಗದ ಓದೂದು ಕಠಿಣ" ಎನ್ನುವುದು ಅವರ ಮಾತು.

ಹತ್ತಿಯ ಪಾಠದ ದಿನ ಅವರಿಗೆ ಮೈಮೇಲೆ ಬಂದಂತಾಗಿತ್ತು. ಬೀಜ ಬಿಡಿಸುವ ಯಂತ್ರ ಬಂತು, ಹತ್ತಿಗೆ ಭೂಮಿ ಸಾಲದಾಯಿತು, ದುಡಿಯಲು ಗುಲಾಮರನ್ನು ತಂದರು, ಹೊಲಕ್ಕಾಗಿ ಮೊದಲಿದ್ದ ಜನರನ್ನು ಎಬ್ಬಿಸಿದರು, ಬೆಳೆದ ಹತ್ತಿ ಹಡಗೇರಿ ಇದೇ ಇಂಗ್ಲೆಂಡಿನ ಗಿರಣಿಗಳಿಗೆ ಬಂತು. ಅದೇ ಅಮೆರಿಕದ ಬೀಜ ಆಮೇಲೆ ಕಂಪನಿ ಸರಕಾರದ ಕೈಯಲ್ಲಿ ಧಾರವಾಡ ಸೀಮೆಗೂ ಬಂತು, ತಮ್ಮ ಮುತ್ತಜ್ಜನೂ ಅದನ್ನು ಬಿತ್ತಿದ್ದ ಎಂದರು. ಅಷ್ಟು ದೂರದ ಪಾಪ ನಮ್ಮ ಎರೆಹೊಲದವರೆಗೂ ನಡೆದು ಬಂದಿತೇ ಎಂದು ನನಗೆ ಒಂಥರಾ ಆಯಿತು.

ಮುಂದಿನ ವಾರ ಚೆರೋಕೀ ಜನರ ಪಾಠ. ಆ ಇಡೀ ಜನಾಂಗದ ಪರವಾಗಿ ಹಿಡಿಯಷ್ಟು ಮಂದಿ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಬೇಡ ಎಂದ ಸಾವಿರಾರು ಜನರ ಮಾತು ನಡೆಯಲಿಲ್ಲ. ಬಂದೂಕು ಹಿಡಿದು ಎಬ್ಬಿಸಿ ಪಶ್ಚಿಮಕ್ಕೆ ನಡೆಸಿದರು, ಚಳಿಯಲ್ಲಿ ದಾರಿಯುದ್ದಕ್ಕೂ ಹೆಣ ಬಿದ್ದವು. ಮಗಳು ತನ್ನ ಪ್ರಬಂಧದಲ್ಲಿ, ಒಪ್ಪಂದದ ಪ್ರಕಾರ ಅವರು ಭೂಮಿ ಬಿಡಲು ಒಪ್ಪಿದರು ಎಂದು ಬರೆದಿದ್ದಳು. ಮಾಸ್ತರು ಆ ವಾಕ್ಯದ ಮೇಲೆ ಬೆರಳಿಟ್ಟು, "ಯಾರು ಒಪ್ಪಿದ್ರು?" ಅಂದರು.

"ಬಟ್ ದೇ ಸೈನ್ಡ್ ಇಟ್, ಅಂಕಲ್" ಅಂದಳು ಇವಳು.

ಅವರು ಮತ್ತೆ ಅದೇ ಕೇಳಿದರು. ಆಮೇಲೆ ಮತ್ತೊಮ್ಮೆ. ಗದರಿಕೆಯಲ್ಲ, ದನಿ ಸಣ್ಣದಾಗುತ್ತ ಹೋಯಿತು. ಕೊನೆಗೆ ಚಹಾ ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟುವುದನ್ನೂ ಮರೆತು, ಕಾಲುಚೀಲದಲ್ಲೇ ಮನೆಗೆ ಹೋದರು. ಚಪ್ಪಲಿ ತಲುಪಿಸಲು ಹೋದರೆ ಅವರ ಹೆಂಡತಿ, ಇವರಿಗೆ ಒಮ್ಮೊಮ್ಮೆ ಹೀಗಾಗುತ್ತೆ, ಕಾರಣ ಹೇಳಲ್ಲ ಎಂದರು.

ಅದಾದ ಮೇಲೆ ನಾನು ಅವರನ್ನು ಗಮನಿಸತೊಡಗಿದೆ. ಬಸ್‌ಸ್ಟಾಪಿನಲ್ಲಿ ಒಬ್ಬರೇ ನಿಂತಾಗ ತುಟಿ ಆಡುತ್ತಿತ್ತು. ಸಹಸ್ರನಾಮ ಇರಬೇಕು ಎಂದು ಹತ್ತಿರ ಹೋದೆ. ಕಂಬಾರರ ಮನೆ, ಬಡಿಗೇರರ ಮನೆ, ಹೂಗಾರರ ಮನೆ, ಗಾಣಿಗೇರರ ಎರಡು ಮನೆ, ಎಂದು ಓಣಿಯ ಒಂದು ತುದಿಯಿಂದ ಎಣಿಸುತ್ತಿದ್ದರು. ಮಾತಾಡಿಸಿದರೆ ಉತ್ತರ ಕೊಟ್ಟು, ಮತ್ತೆ ಮೊದಲ ಮನೆಯಿಂದ ಶುರು ಮಾಡುವರು. ನೀರಿನಡಿಯ ಊರಿನಲ್ಲಿ ಅವರು ದಿನಾ ಹೀಗೆ ಓಡಾಡಿ ಬರುತ್ತಿದ್ದಾರೆ ಅನ್ನಿಸಿ ಭಯವಾಯಿತು. ಆ ಸ್ಟಾಪಿನಲ್ಲಿ ಒಬ್ಬಳೇ ನಿಲ್ಲಲು ನನಗೆ ಇವತ್ತಿಗೂ ಆಗುವುದಿಲ್ಲ.

ಮಗಳ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಪೂರ್ತಿ ನಿಂತಿತು. ಮನೆಗೆ ಬಂದ ಮೇಲೆ ಎಡಗೈಯಲ್ಲಿ ಬರೆಯಲು ಕಲಿತರು. ಒಂದೂವರೆ ತಿಂಗಳು ಹಿಡಿದು ಒಂದು ಹಾಳೆ ಬರೆದರು. ಆಮೇಲೆ ನನ್ನನ್ನು ಕರೆಸಿದರು. ಮುಳುಗಡೆಯ ಜನರನ್ನು ಕೂರಿಸಿದ ಹೊಸ ಊರಿನ ಶಾಲೆಯಲ್ಲಿ ಈಗಿರುವ ಟೀಚರಮ್ಮನ ನಂಬರು ಹೇಗೋ ಸಂಪಾದಿಸಿದ್ದರು. ಆಕೆ ವೀಡಿಯೋ ಕರೆಯಲ್ಲಿ ಒಬ್ಬ ಮುದುಕಿಯ ಮುಂದೆ ಫೋನು ಹಿಡಿಯುತ್ತಾಳೆ, ಈ ಹಾಳೆಯನ್ನು ನಾನು ಓದಬೇಕು. ಹೆಂಡತಿಯನ್ನು ಯಾಕೆ ಕೇಳಲಿಲ್ಲ ಎಂದೆ. ಆಕೆ ಹಾಳೆಯನ್ನು ಆಗಲೇ ಓದಿದ್ದರು. "ನನ್ನಿಂದಾಗಲ್ಲ. ಇಷ್ಟು ವರ್ಷ ಜೊತೆಗೆ ಮಲಗಿ ಎದ್ದು, ನನಗೇ ಹೇಳಿರಲಿಲ್ಲ" ಎಂದು ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಹಾಳೆಯಲ್ಲಿ ಇದ್ದದ್ದು ಇಷ್ಟು. ಊರು ಮುಳುಗುವ ಮೊದಲು, ಊರಿನ ಪರವಾಗಿ ಐದು ಮಂದಿ ಹಿರಿಯರು ಹೊಸ ಜಾಗಕ್ಕೆ ಒಪ್ಪಿಗೆ ಕೊಡಬೇಕಿತ್ತು. ಐವರಿಗೂ ಓದು ಬರುತ್ತಿರಲಿಲ್ಲ. ಆ ಊರಿನಲ್ಲಿ ಯಾವ ಕಾಗದ ಬಂದರೂ ಚಾವಡಿಯಲ್ಲಿ ಮಾಸ್ತರು ಓದಬೇಕು, ಮಾಸ್ತರು ಹಾಕು ಅಂದರೆ ಹೆಬ್ಬೆಟ್ಟು ಹಾಕಬೇಕು. ಆವತ್ತೂ ಹಾಗೇ ಓದಿದರು, ಒಂದು ಸಾಲು ಬಿಟ್ಟು. ನಾವು ಐವರೂ ಊರಿನ ಪರವಾಗಿ ಜಾಗವನ್ನು ಕಣ್ಣಾರೆ ನೋಡಿ ಒಪ್ಪಿದ್ದೇವೆ, ಎಂಬ ಸಾಲು. ಅದನ್ನು ಓದಿದ್ದರೆ ನೋಡಲು ಹೊರಡುತ್ತಿದ್ದರು. ನೋಡಿದ್ದರೆ ಒಪ್ಪುತ್ತಿರಲಿಲ್ಲ.

ಅದರ ಕೆಳಗೆ ಹೀಗೆ ಬರೆದಿದ್ದರು: "ಆ ಜಾಗವನ್ನು ನಾನೊಬ್ಬನೇ ನೋಡಿದ್ದೆ, ಮುಳುಗಡೆ ಕಚೇರಿಯ ಸಾಹೇಬರ ಜೀಪಿನಲ್ಲಿ ಹೋಗಿ. ಅಲ್ಲಿ ಮಣ್ಣಿರಲಿಲ್ಲ, ಕಲ್ಲಿತ್ತು. ನನಗೆ ತಾಲೂಕಿನ ಶಾಲೆಗೆ ವರ್ಗಾವಣೆ ಬೇಕಾಗಿತ್ತು, ಸಾಹೇಬರು ಮಾಡಿಸಿಕೊಡುತ್ತೇನೆ ಎಂದಿದ್ದರು. ಅದಕ್ಕೇ ಓದಲಿಲ್ಲ."

ಫೋನಿನಲ್ಲಿ ಮುದುಕಿ ಕಾಣಿಸಿದಳು. ಆ ಐವರಲ್ಲಿ ಒಬ್ಬನ ಹೆಂಡತಿ. ಐವರಲ್ಲಿ ಯಾರೂ ಉಳಿದಿರಲಿಲ್ಲ. ತಲೆತುಂಬ ಸೆರಗು ಹೊದ್ದು, ಎಷ್ಟೋ ವರ್ಷದ ಮೇಲೆ ಮಾಸ್ತರನ್ನು ನೋಡಿ ಕೈಮುಗಿದಳು. ಆ ಕೈ ನೋಡಿ ನನಗೆ ಧೈರ್ಯ ಕುಸಿಯಿತು. ವರ್ಗಾವಣೆಯ ಮಾತು ಬಿಟ್ಟುಬಿಡೋಣ, ಸಾಲು ಬಿಟ್ಟದ್ದನ್ನೂ ಮರೆವು ಅಂದುಬಿಡೋಣ, ಅರ್ಧ ಮೈ ಹೋದ ಮನುಷ್ಯ, ಪಾಪ, ಎಂದುಕೊಂಡು ಓದುತ್ತ ಹೋಗಿ ಅಲ್ಲಿಗೆ ಬಂದಾಗ ನಿಂತೆ. ಮಾಸ್ತರು ನನ್ನ ಮುಖವನ್ನೇ ನೋಡುತ್ತಿದ್ದರು. ಓದಿಬಿಟ್ಟೆ, ಒಂದಕ್ಷರ ಬಿಡದೆ.

ಮುದುಕಿ ಆಡಿದ್ದು ನನಗಲ್ಲ, ಮಾಸ್ತರಿಗೂ ಅಲ್ಲ, ತನ್ನಷ್ಟಕ್ಕೆ ಎಂಬಂತೆ.

"ನೀವ ನೋಡಿ ಒಪ್ಪೀರಿ ಅಂತ ಸಾಹೇಬ್ರು ಆಮ್ಯಾಲ ಕಾಗದ ತೋರಿಸಿದ್ರು. ನನ್ನ ಗಂಡ ಸಾಯೂತನಾ ಅದನ್ನ ಹೇಳ್ತಿದ್ದ. ನಾ ಜಾಗಾ ನೋಡಿಲ್ಲ, ಮಾಸ್ತರ ಅದನ್ನ ಓದೇ ಇಲ್ಲ ಅಂತ. ಮಾಸ್ತರ ಓದೂದು ಬಿಡ್ತಾರೇನೋ ಮೂಳಾ, ನೀನ ನೋಡಿ ಬಂದು ಮಾರಿದಿ ಊರ ಅಂತ ನಾನ ಉಗುಳಿದೆ. ಆರು ವರ್ಷ ಮಾತ ಬಿಟ್ಟಿದ್ದೆ. ಹಂಗ ಹೋದ."

ಇಷ್ಟು ವರ್ಷ ಎಣಿಸಿದ ಮನೆಗಳಲ್ಲಿ ಈ ಒಂದು ಲೆಕ್ಕ ಮಾಸ್ತರಿಗೆ ಗೊತ್ತೇ ಇರಲಿಲ್ಲ.

ಮುದುಕಿ ಎದ್ದಳು. ಟೀಚರಮ್ಮನಿಗೆ ಬಾ ಎಂದು ಸನ್ನೆ ಮಾಡಿ ಮುಂದೆ ಮುಂದೆ ನಡೆದಳು. ಫೋನಿನಲ್ಲಿ ಬರೀ ನೆಲ ಕಾಣಿಸುತ್ತಿತ್ತು, ಕಲ್ಲು, ಒಣಗಿದ ಜಾಲಿ, ಆಕೆಯ ಬರಿಗಾಲು. ಊರಂಚಿನಲ್ಲಿ ಕಲ್ಲು ಪೇರಿಸಿದ ಒಂದು ಗೋರಿಯ ಬಳಿ ನಿಂತಳು. "ಇಲ್ಲಿ ಇನ್ನೊಮ್ಮೆ ಓದ್ರಿ ಅಕ್ಕಾರ. ಅಂವ ಕೇಳ್ಲಿ" ಅಂದಳು. ಗ್ರೀನ್‌ಫರ್ಡ್‌ನ ಸೋಫಾದ ಮೇಲೆ ಕೂತು ನಾನು ಆ ಕಲ್ಲುಗಳಿಗೆ ಓದಿದೆ.

ಹನ್ನೆರಡು ದಿನಕ್ಕೆ ಮಾಸ್ತರು ಹೋದರು. ನಿದ್ದೆಯಲ್ಲಿ, ಕಷ್ಟಪಡದೆ ಎಂದು ಎಲ್ಲರೂ ಸಮಾಧಾನ ಹೇಳಿದರು. ಅಂತ್ಯಕ್ರಿಯೆ ಮುಗಿಸಿ ಬಂದ ಸಂಜೆ ಅವರ ಹೆಂಡತಿ ನನ್ನನ್ನು ಕೋಣೆಗೆ ಕರೆದು, ಆವತ್ತು ಆ ಮುದುಕಿ ಇವರನ್ನು ಕ್ಷಮಿಸಿದಳೇ ಎಂದು ಕೇಳಿದರು. ಆಕೆ ಬಾಗಿಲು ಹಾಕಿಕೊಂಡಿದ್ದರಲ್ಲ, ಕೇಳಿಸಿಕೊಂಡಿರಲಿಲ್ಲ. ಹೂಂ ಅಂದಿದ್ದರೆ ಆಗಿತ್ತು, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಕ್ಷಮಿಸಿದೆ ಎಂದಾಗಲಿ ಇಲ್ಲ ಎಂದಾಗಲಿ ಅವಳು ಅನ್ನಲಿಲ್ಲ ಎಂದು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.