ಚಾ ಬಿಟ್ಟ ಜಯಣ್ಣ

ಗಲ್ಫಿನ ಯಾನ್ಬು ಎಂಬ ಊರಿನ ಕಾರ್ಖಾನೆಯೊಂದರಲ್ಲಿ ವಾಲ್ವು ರಿಪೇರಿ ಮಾಡುವ ಜಯಪ್ರಕಾಶನನ್ನು ಎಲ್ಲರೂ ಕರೆಯುವುದು ಜಯಣ್ಣ ಎಂದೇ. ಮೂಲ್ಕಿಯ ಕಡೆಯವನು, ಐವತ್ತು ದಾಟಿದ ಪ್ರಾಯ, ಒಳ್ಳೆಯವನೆಂದರೆ ಒಳ್ಳೆಯವನು. ಅವನಿಗಿರುವುದು ಒಂದೇ ಕಾಯಿಲೆ. ಯಾರಾದರೂ ಸ್ವಲ್ಪ ಗಟ್ಟಿ ದನಿಯಲ್ಲಿ ಏನಾದರೂ ಹೇಳಿದರೆ ನಂಬಿಬಿಡುತ್ತಾನೆ. ನಂಬಿ ಸುಮ್ಮನಿರುವ ಜನವೂ ಅಲ್ಲ, ಮರುದಿನ ಬೆಳಿಗ್ಗೆಯೇ ಶುರು. ಹಿಂದೊಮ್ಮೆ ಯಾರೋ ಬರಿಗಾಲಿನಲ್ಲಿ ನಡೆದರೆ ಕಣ್ಣು ಚುರುಕಾಗುತ್ತದೆ ಎಂದರು. ಈ ಮಹಾರಾಯ ಜುಲೈ ತಿಂಗಳಲ್ಲಿ, ಯಾನ್ಬುವಿನ ಡಾಮರಿನ ಮೇಲೆ, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಹೊರಟ. ಕಣ್ಣು ಇದ್ದ ಹಾಗೆಯೇ ಇತ್ತು. ಕಾಲಿಗೆ ಮಾತ್ರ ವಾರಗಟ್ಟಲೆ ಮುಲಾಮು ಹಚ್ಚಬೇಕಾಯಿತು.

ಇಂಥವನು ಮೊಣಕಾಲು ನೋವಿಗೆ ಮದ್ದು ಹುಡುಕುತ್ತಿದ್ದಾಗ ಫೋನಿನಲ್ಲಿ ಅಮೆರಿಕದವನೊಬ್ಬನ ವಿಡಿಯೋ ಕಾಣಿಸಿಕೊಂಡದ್ದು ಗ್ರಹಚಾರವೇ ಸರಿ. ಬೋಳು ತಲೆ, ಬಿಳಿ ಹಲ್ಲು, ಮೇಜು ಕುಟ್ಟಿ ಮಾತಾಡುವ ಆಸಾಮಿ. ದುಡ್ಡು ಉಳಿಸುವುದು ಹೇಗೆ, ಬೇಗ ಕೆಲಸ ಬಿಟ್ಟು ಹಾಯಾಗಿರುವುದು ಹೇಗೆ ಎಂದು ಬುದ್ಧಿ ಹೇಳುವುದು ಅವನ ಕಸುಬು. ಜಯಣ್ಣನಿಗೆ ಬೇಕಾಗಿದ್ದದ್ದೂ ಅದೇ. ಊರಿನಲ್ಲಿ ಹೆಂಡತಿ ನಳಿನಾಕ್ಷಿ ಎಷ್ಟೋ ವರ್ಷಗಳಿಂದ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಸಾಕು ಅಂತ ಆಗುದು ಯಾವಾಗ?" ಪ್ರತಿ ಸಲ ಕಂಪನಿಯ ಕಾಂಟ್ರಾಕ್ಟು ಮುಗಿಯುವಾಗಲೂ ಜಯಣ್ಣ, "ಇದೊಂದು ಸಲ, ಇನ್ನೆರಡೇ ವರ್ಷ" ಎನ್ನುತ್ತಿದ್ದ. ಈಗ ಮತ್ತೆ ಕಾಂಟ್ರಾಕ್ಟು ಮುಗಿಯುತ್ತ ಬಂದಿತ್ತು. ಮುಂದುವರಿಯುವುದಾದರೆ ಈ ತಿಂಗಳ ಕೊನೆಯೊಳಗೆ ಸಹಿ ಹಾಕಬೇಕಿತ್ತು.

ಅಮೆರಿಕದವನ ಬಳಿ ಆ ಪ್ರಶ್ನೆಗೆ ಉತ್ತರವಿತ್ತು. ವರ್ಷದ ಖರ್ಚಿನ ಇಪ್ಪತ್ತೈದು ಪಟ್ಟು ಕೈಯಲ್ಲಿರಲಿ, ಆಮೇಲೆ ಕೆಲಸ ಬಿಡು ಎಂದು ಅವನು ಮೇಜು ಕುಟ್ಟಿದ. ಜಯಣ್ಣ ಯಾನ್ಬುವಿನ ಖರ್ಚು, ಊರಿಗೆ ಕಳಿಸುವುದು, ವಿಮಾನದ ಟಿಕೆಟು, ಮಗಳು ಭವ್ಯಾಳ ಹಾಸ್ಟೆಲು ಎಲ್ಲವನ್ನೂ ಕೂಡಿಸಿ ಗುಣಿಸಿ ನೋಡಿದ. ಲೆಕ್ಕದ ಪ್ರಕಾರ ಅರುವತ್ತು ದಾಟಿದ ಮೇಲೂ ಅವನು ಇಲ್ಲೇ ವಾಲ್ವು ಬಿಚ್ಚುತ್ತಿರಬೇಕಿತ್ತು. ಆದರೆ ಆ ಮನುಷ್ಯ ಅದಕ್ಕೂ ದಾರಿ ಹೇಳಿದ್ದ: ಖರ್ಚು ಇಳಿಸು. ಹೊರಗೆ ಕಾಫಿ ಕುಡಿಯಬೇಡ. ಹೊರಗೆ ಊಟ ಬೇಡ. ಕಾರು ಮಾರು. ನಿನ್ನ ಕೂದಲು ನೀನೇ ಕತ್ತರಿಸು.

ಕಾಫಿ ಜಯಣ್ಣ ಕುಡಿಯುವುದಿಲ್ಲ. ಆದ್ದರಿಂದ ಚಾ ಬಿಟ್ಟ.

ಇದು ಸಣ್ಣ ಸಂಗತಿಯಲ್ಲ. ಡ್ಯೂಟಿ ಮುಗಿಸಿ ಬಸ್ಸಿಳಿದವನು ನೇರ ಹೋಗುತ್ತಿದ್ದದ್ದು ಹಸನ್ ಕುಂಞಿಯವರ ಬೂಫಿಯಾಕ್ಕೆ. ಉಳ್ಳಾಲದ ಹಸನ್ ಕುಂಞಿ ಅಲ್ಲಿ ಚಾ, ಪೊರೋಟ ಮಾರುತ್ತಾರೆ. ಅವರ ಅಂಗಡಿಯ ಮುಂದಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಒಂದು ಜಯಣ್ಣನದೇ ಎಂದು ಎಲ್ಲರಿಗೂ ಗೊತ್ತಿತ್ತು. ಈಗ ಅವನು ಅಂಗಡಿಯ ಎದುರಿನಿಂದಲೇ ತಲೆ ತಗ್ಗಿಸಿ ನಡೆದುಹೋಗತೊಡಗಿದ. ಚಾ ಇಲ್ಲದೆ ತಲೆನೋವು, ಬಾಯಿ ಮಾತ್ರ ಬಿಗಿ. ಶುಕ್ರವಾರಗಳಂದು ಎಲ್ಲರನ್ನೂ ತುಂಬಿಕೊಂಡು ಕಡಲ ಕರೆಗೆ ಕರೆದೊಯ್ಯುತ್ತಿದ್ದ ಹಳೇ ಕಾರಿನ ಗಾಜಿಗೆ 'ಮಾರಾಟಕ್ಕಿದೆ' ಎಂದು ಚೀಟಿ ಅಂಟಿಸಿದ. ಕೊನೆಗೊಂದು ದಿನ ಕನ್ನಡಿಯ ಮುಂದೆ ನಿಂತು ಕತ್ತರಿ ಹಿಡಿದ. ಹಿಂಬದಿ ಕನ್ನಡಿಯಲ್ಲಿ ಕಾಣುವುದಿಲ್ಲ ಎಂಬುದನ್ನು ಅಮೆರಿಕದವನು ಹೇಳಿರಲಿಲ್ಲ. ಆಡು ಮೇಯ್ದುಹೋದ ಗದ್ದೆಯಂತಾಯಿತು ತಲೆ.

ಗಲ್ಫಿನಲ್ಲಿ ಇದರ ಅರ್ಥ ಒಂದೇ. ಚಾ ಬಿಟ್ಟ, ಕಾರು ಮಾರುತ್ತಿದ್ದಾನೆ, ಕ್ಷೌರಕ್ಕೂ ಗತಿಯಿಲ್ಲ ಎಂದರೆ ಅವನ ಕೆಲಸ ಹೋಗಿದೆ. ಹಾಗೆಂದು ಅವನನ್ನೇ ಕೇಳುವ ಕ್ರಮ ಇಲ್ಲಿಲ್ಲ. ಕೆಲಸ ಹೋದವನ ಮುಖ ನೋಡಿ ಕೇಳಿದರೆ ಅವನ ಮರ್ಯಾದೆ ಹೋಗುತ್ತದೆ. ಕೇಳದೆ, ಹೇಳದೆ, ಏನು ಆಗಬೇಕೋ ಅದನ್ನು ಮಾಡುವುದಷ್ಟೇ. ಈ ಒಂದು ವಿಷಯದಲ್ಲಿ ಪರದೇಶದಲ್ಲಿರುವ ನಮ್ಮವರ ಕಾಲಿಗೆ ಬೀಳಬೇಕು.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಜಯಣ್ಣನ ರೂಮಿನ ಬಾಗಿಲು ತಟ್ಟಿದ ಸದ್ದಾಯಿತು. ಹಸನ್ ಕುಂಞಿ, ಅವರ ಹಿಂದೆ ಮೂಲ್ಕಿಯವನೇ ಆದ ಪಕ್ಕದ ರೂಮಿನ ಅಖಿಲೇಶ್. ಹಸನ್ ಕುಂಞಿಯವರ ಕೈಯಲ್ಲಿ ಚಾದ ಫ್ಲಾಸ್ಕು. ಅಖಿಲೇಶನ ಹೆಗಲ ಮೇಲೆ ಅಕ್ಕಿಯ ಚೀಲ, ಕೈಯಲ್ಲಿ ಹೊಚ್ಚ ಹೊಸ ಸೂಟ್‌ಕೇಸು.

"ಎಂತ ಇದು?" ಎಂದ ಜಯಣ್ಣ.

ಹಸನ್ ಕುಂಞಿ ಮಂಚದ ಮೇಲೆ ಕೂತು ಗಂಟಲು ಸರಿ ಮಾಡಿಕೊಂಡರು. "ಜಯಣ್ಣ, ನೀವು ಎಂತ ಹೇಳುದೂ ಬೇಡ. ಎಲ್ಲರಿಗೂ ಆಗುದೇ. ನಾನು ನನಗೆ ವೀಸಾ ಕೊಟ್ಟ ಕಫೀಲ್ ಹತ್ರ ಮಾತಾಡಿದ್ದೇನೆ, ಅವರದ್ದು ಪಂಪಿನ ಅಂಗಡಿ ಉಂಟಲ್ಲ, ನಿಮ್ಮನ್ನು ತಕ್ಕೊಳ್ತಾರೆ. ಇಲ್ಲಿ ಇರ್ಲಿಕ್ಕೆ ಇಕಾಮಾನೂ ಅವರೇ ಮಾಡಿಸ್ತಾರೆ. ಅಲ್ಲ, ಊರಿಗೇ ಹೋಗುದು ಅಂತಾದ್ರೆ ಈ ಸೂಟ್‌ಕೇಸು. ಟಿಕೆಟಿಗೂ ನಾವೆಲ್ಲ ಸೇರಿಸಿದ್ದೇವೆ."

ಜಯಣ್ಣನಿಗೆ ವಿಷಯ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಹೋದ ಮೇಲೆ ಕಿವಿಯ ತನಕ ಕೆಂಪಾದ. ನಾಚಿಕೆಯೋ, ಅಳುವೋ, ಎರಡೂ ಒಟ್ಟಿಗೆ ಬಂತು. ಕೆಲಸ ಹೋಗಿಲ್ಲ ಎಂದು ತೊದಲುತ್ತಲೇ ವಿಡಿಯೋದ ಕತೆಯನ್ನೆಲ್ಲ ಹೇಳಿದ.

ಅಖಿಲೇಶ್ ಅಕ್ಕಿ ಚೀಲದ ಮೇಲೆಯೇ ಕುಸಿದು ಹೊಟ್ಟೆ ಹಿಡಿದುಕೊಂಡು ನಕ್ಕ. ಹಸನ್ ಕುಂಞಿ ನಗಲಿಲ್ಲ. ಅವರಿಗೆ ಸಿಟ್ಟು ನೆತ್ತಿಗೇರಿತ್ತು.

"ಅಮೆರಿಕದವ ಹೇಳಿದ ಅಂತ ನನ್ನ ಚಾ ಬಿಟ್ರಾ? ಬೇರೆ ಎಂತ ಹೇಳಿದ ಅವ?"

"ಆರು ತಿಂಗಳ ಖರ್ಚು ಬದಿಗೆ ಇಡ್ಬೇಕಂತೆ. ಕೆಲಸ ಹೋದ್ರೆ ಬೇಕಾಗ್ತದೆ."

"ಕೆಲಸ ಹೋದ ಮೇಲೆ ಆರು ತಿಂಗಳು ಇಲ್ಲಿ ಕೂತು ತಿನ್ಲಿಕ್ಕೆ ನಮ್ಮನ್ನು ಯಾರು ಬಿಡ್ತಾರೆ ಮಾರಾಯ್ರೆ? ಇಕಾಮಾ ಮುಗಿದ್ರೆ ಯಲ್ಲಾ, ಹೊರಗೆ! ಅದು ಅವನಿಗೆ ಗೊತ್ತುಂಟಾ?"

"ಟ್ಯಾಕ್ಸು ಉಳಿಸ್ಲಿಕ್ಕೂ ಒಂದು ದಾರಿ ಹೇಳಿದ್ದಾನೆ," ಎಂದ ಜಯಣ್ಣ ಸಣ್ಣ ದನಿಯಲ್ಲಿ.

"ಇಲ್ಲಿ ಸಂಬಳಕ್ಕೆ ಟ್ಯಾಕ್ಸ್ ಎಲ್ಲಿದೆ ಜಯಣ್ಣ?" ಅಖಿಲೇಶ್ ಕಣ್ಣೊರೆಸಿಕೊಂಡ. "ಬಿಟ್ಟು ಹೋಗುವಾಗ ಇಷ್ಟು ವರ್ಷದ ಸರ್ವಿಸಿನ ದುಡ್ಡು ಕಂಪನಿ ಕೊಡ್ತದಲ್ಲ, ಅದನ್ನು ಲೆಕ್ಕಕ್ಕೆ ತಕ್ಕೊಂಡಿದ್ದೀರಾ?"

ತೆಗೆದುಕೊಂಡಿರಲಿಲ್ಲ. ಅಮೆರಿಕದವನು ಅದನ್ನು ಹೇಳಿರಲಿಲ್ಲವಲ್ಲ.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ನಳಿನಾಕ್ಷಿ. ಅಖಿಲೇಶನ ನಗು ಥಟ್ಟನೆ ನಿಂತಿತು. "ಜಯಣ್ಣ, ನಾನು ಅಮ್ಮನ ಹತ್ರ ಬಾಯಿ ಬಿಟ್ಟಿದ್ದೆ," ಎಂದು ಪಿಸುಗುಟ್ಟಿದ. ಅವನ ಅಮ್ಮನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂಬುದು ಇಡೀ ಮೂಲ್ಕಿಗೆ ಗೊತ್ತು.

ಜಯಣ್ಣ ಫೋನು ಹಿಡಿದು ವರಾಂಡಕ್ಕೆ ಹೋದ. ಅವನು ಹಲೋ ಅನ್ನುವುದಕ್ಕೂ ನಳಿನಾಕ್ಷಿ ಬಿಡಲಿಲ್ಲ.

"ನನಗೆಲ್ಲ ಗೊತ್ತುಂಟು. ನನ್ನ ಹತ್ರ ಮುಚ್ಚಿಡುದು ಎಂತಕ್ಕೆ? ಹೋದ್ರೆ ಹೋಗ್ಲಿ ಆ ಕೆಲಸ. ಮನೆ ಉಂಟು, ಬಾವಿ ಉಂಟು, ನಾಲ್ಕು ತೆಂಗಿನಮರ ಉಂಟು. ಭವ್ಯಾದು ಇನ್ನೊಂದು ವರ್ಷದ ಫೀಸು, ಅದಕ್ಕೆ ನೀವು ಕಳಿಸಿದ್ದೇ ಉಂಟು. ನೀವು ಬನ್ನಿ." ಮಾತಿನ ನಡುವೆ ಅವಳು ಉಸಿರು ತೆಗೆದುಕೊಳ್ಳುತ್ತಿದ್ದದ್ದೇ ಕಡಿಮೆ. "ಮೇಲಿನ ರೂಮಿನ ಫ್ಯಾನು ಸರಿ ಮಾಡಿಸಿದೆ. ಸ್ಕೂಟರಿಗೆ ಹೊಸ ಬ್ಯಾಟರಿ ಹಾಕಿಸಿದೆ. ಕಮಲಕ್ಕನ ಹತ್ರ ಅರ್ಧ ಲೀಟರು ಹಾಲು ಹೆಚ್ಚು ಹೇಳಿಟ್ಟಿದ್ದೇನೆ, ಅವರ ದನ ಈಗಷ್ಟೇ ಕರು ಹಾಕಿದ್ದು. ನಿಮಗೆ ದಿನಕ್ಕೆ ನಾಲ್ಕು ಸಲ ಚಾ ಬೇಕಲ್ಲ."

ಗಂಡನ ಕೆಲಸ ಹೋಯಿತೆಂದು ತಿಳಿದ ಹೆಂಗಸಿನ ದನಿ ಅದಾಗಿರಲಿಲ್ಲ. ಇಷ್ಟು ಖುಷಿಯಾಗಿ ಅವಳು ಮಾತಾಡಿದ್ದನ್ನು ಅವನು ಕೇಳಿ ಯಾವ ಕಾಲವಾಗಿತ್ತೋ.

"ನಳಿನಾ," ಎಂದ, "ಕೆಲಸ ಹೋಗ್ಲಿಲ್ಲ. ಇವರಿಗೆಲ್ಲ ತಪ್ಪು ತಿಳಿದದ್ದು. ಅಮೆರಿಕದವನೊಬ್ಬ ಹೇಳಿದ ಅಂತ ನಾನು ಖರ್ಚು ಕಮ್ಮಿ ಮಾಡಿದ್ದೆ, ಅಷ್ಟೇ."

"ಓ," ಎಂದಳು ನಳಿನಾಕ್ಷಿ. "ಹೌದಾ. ಒಳ್ಳೇದಾಯ್ತಲ್ಲ." ಆಮೇಲೆ, "ಆ ಅಮೆರಿಕದವ ನಮ್ಮ ಮನೆಗೆ ಬಂದು ಊಟ ಮಾಡಿದ್ದಾನಾ, ನಮಗೆ ಎಷ್ಟು ಬೇಕು ಅಂತ ಹೇಳ್ಲಿಕ್ಕೆ?" ಎಂದಳು. ಸಿಟ್ಟಿನಿಂದಲ್ಲ, ಸೋತ ದನಿಯಲ್ಲಿ. "ಆಯ್ತು. ಕಮಲಕ್ಕನಿಗೆ ಹಾಲು ಬೇಡ ಅಂತ ಹೇಳ್ತೇನೆ."

ಅವಳು ಅಂಗಳ ದಾಟಿ, ಬೇಲಿಯ ಹತ್ತಿರ ನಿಂತು, ಬೇಡ ಕಮಲಕ್ಕ, ಅವರು ಬರುವುದಿಲ್ಲವಂತೆ ಎಂದು ಹೇಳುವುದು ಜಯಣ್ಣನ ಕಣ್ಣಿಗೆ ಕಟ್ಟಿತು. ಇಷ್ಟು ವರ್ಷ ಅವಳು ಎಷ್ಟು ಸಲ ಹೀಗೆ ಬೇಡ ಎಂದು ಹೇಳಿ ಬಂದಿದ್ದಾಳೋ, ತಾನು ಒಮ್ಮೆಯೂ ಕೇಳಲಿಲ್ಲವಲ್ಲ ಎನಿಸಿತು.

"ಹೇಳ್ಬೇಡ," ಎಂದ.

"ಎಂತ?"

"ಹಾಲು ಬೇಡ ಅಂತ ಹೇಳ್ಬೇಡ. ಈ ಸಲ ಸಹಿ ಹಾಕುದಿಲ್ಲ. ಕಾಂಟ್ರಾಕ್ಟು ಮುಗಿದ ಕೂಡ್ಲೇ ಬರ್ತೇನೆ."

"ಸುಳ್ಳು ಹೇಳ್ಬೇಡಿ ಮಾರಾಯ್ರೆ," ಎಂದಳು ನಳಿನಾಕ್ಷಿ. ಅಳುತ್ತಿದ್ದಳು.

ಅವನು ಒಳಗೆ ಬಂದಾಗ ಹಸನ್ ಕುಂಞಿ ಸೂಟ್‌ಕೇಸನ್ನು ಮತ್ತೆ ಪ್ಲಾಸ್ಟಿಕ್ ಚೀಲಕ್ಕೆ ತುರುಕುತ್ತಿದ್ದರು. ಬಿಲ್ಲು ಇದೆ, ಅಂಗಡಿಯವನು ವಾಪಸ್ ತೆಗೆದುಕೊಳ್ಳುತ್ತಾನೆ ಎಂದು ಅಖಿಲೇಶನಿಗೆ ಸಮಾಧಾನ ಹೇಳುತ್ತಿದ್ದರು.

"ಹಸನಾಕ, ಅದು ಇಲ್ಲೇ ಇರ್ಲಿ," ಎಂದ ಜಯಣ್ಣ. "ನನಗೆ ಬೇಕು."

ಹಸನ್ ಕುಂಞಿ ತಲೆಯೆತ್ತಿ ಅವನ ಮುಖವನ್ನು ಒಂದು ಸಲ ನೋಡಿದರು. ಇಲ್ಲಿಯ ಕ್ರಮದಂತೆ ಏನನ್ನೂ ಕೇಳಲಿಲ್ಲ. ಫ್ಲಾಸ್ಕಿನ ಮುಚ್ಚಳ ತೆಗೆದು ಲೋಟದ ತುಂಬ ಚಾ ಸುರಿದು ಅವನ ಕೈಗೆ ಕೊಟ್ಟರು.