ಆ ಮಂಜಿನಲ್ಲಿ ಇವರನ್ನು ಕೂಗಿದ್ದು ಯಾರು?

ದೆವ್ವ ಕಂಡೆ, ಯಾರೋ ಕರೆದ ಹಾಗಾಯಿತು ಅಂತ ಹೇಳುವವರನ್ನು ನಾನು ನಂಬಿದವಳಲ್ಲ. ಹೊಟ್ಟೆ ಸರಿಯಿಲ್ಲ, ಒಂದು ಚಿಟಿಕೆ ಓಮ ಬಾಯಿಗೆ ಹಾಕ್ಕೊ ಅಂತ ಮುಖಕ್ಕೇ ಅಂದುಬಿಡುತ್ತಿದ್ದೆ. ಈಗ ನನ್ನದೇ ಬರೆಯಬೇಕಾಗಿದೆ. ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ನಮ್ಮೆಜಮಾನರು ಈ ಪರದೇಶದಲ್ಲಿ, ಸೋಡರ್‌ಟೆಲ್ಯೆ ಅನ್ನೋ ಊರಿನ ಫ್ಯಾಕ್ಟರಿ ಕೆಲಸದಿಂದ ರಿಟೈರ್ ಆಗಿದ್ದೇ ತಡ, ಹಳೇ ಮೋಟರ್ ಬೋಟೊಂದನ್ನು ತಂದರು. ಬೇಡ ಅಂದೆ, ಕೇಳಲಿಲ್ಲ. ಒಂದು ಬೇಸಿಗೆ ಇಬ್ಬರೇ ಕಾಲುವೆ, ಸರೋವರ ಹಿಡಿದು ಗೋಥೆನ್‌ಬರ್ಗ್ ಕಡೆ ಹೊರಟೆವು. ಕಾಲುವೆಯಲ್ಲಿ ಅಲ್ಲಲ್ಲಿ ಗೇಟು ಹಾಕಿ, ನೀರು ತುಂಬಿಸಿ ಬೋಟನ್ನು ಮೇಲಕ್ಕೆತ್ತುತ್ತಾರೆ. ಆಗ ಇವರು ಸ್ಟೀರಿಂಗು, ನಾನು ದಡದಲ್ಲಿ ಹಗ್ಗ.

"ಎಳಿಯೇ, ಎಮ್ಮೆ ಹಿಡಿದ ಹಾಗೆ ನಿಂತಿದ್ದೀಯಲ್ಲ!"

"ಎಮ್ಮೆ ಆಗಿದ್ದರೆ ಹೇಳಿದ ಮಾತು ಕೇಳೋದು ರೀ."

ನಾನು ಇವರನ್ನು ಕರೆಯೋದು ಹಾಗೇ, "ರೀ" ಅಂತ. ಈ ದೇಶದಲ್ಲಿ ಡಾಕ್ಟರಿಂದ ಹಿಡಿದು ನಮ್ಮ ಸೊಸೆವರೆಗೂ ಎಲ್ಲರೂ ಇವರನ್ನು ಹೆಸರು ಹಿಡಿದೇ ಕರೀತಾರೆ, ಅದೂ ಅರ್ಧ ಹೆಸರು. ಮದುವೆಯಾದಾಗಿನಿಂದ ನನ್ನ ಬಾಯಲ್ಲಿ ಮಾತ್ರ ಅದು ಬಂದಿಲ್ಲ.

ವೆಟರ್ನ್ ಸರೋವರದಲ್ಲಿ, ದಡದಿಂದ ಅಷ್ಟೇನೂ ದೂರವಿಲ್ಲ, ಬ್ಯಾಟರಿ ಸತ್ತು ಮೋಟರು ನಿಂತಿತು. ಲಂಗರು ಹಾಕಿ, ಸಹಾಯ ಕೇಳಿಕೊಂಡು ಬರ್ತೀನಿ ಅಂತ ಇವರು ಚಿಕ್ಕ ರಬ್ಬರ್ ದೋಣಿಯಲ್ಲಿ ದಡಕ್ಕೆ ಹೋದರು. ಸಿಗ್ನಲ್ ಸಿಗದ ಫೋನು ಯಾಕೆ ಅಂತ ಮೇಜಿನ ಮೇಲೇ ಬಿಟ್ಟಿದ್ದರು. ಮಧ್ಯಾಹ್ನ ಇವರು ವಾಪಸ್ಸು ಹುಟ್ಟು ಹಾಕಿಕೊಂಡು ಬರೋದು ನನಗೆ ಕಾಣುತ್ತಿತ್ತು. ಅಷ್ಟರಲ್ಲಿ ಮಂಜು ಇಳಿಯಿತು. ಇವರೂ ಇಲ್ಲ, ದಡವೂ ಇಲ್ಲ. ಹುಟ್ಟಿನ ಸದ್ದು ಹತ್ತಿರ ಬರುವುದು ಬಿಟ್ಟು ಪಕ್ಕಕ್ಕೆ ಹೋಗಿ, ಆಮೇಲೆ ದೂರವಾಗತೊಡಗಿತು. ಆ ಕಡೆ ಬರೀ ನೀರು. ಬೇಸಿಗೆಯಲ್ಲೂ ಬಿದ್ದವರು ಉಳಿಯದಷ್ಟು ತಣ್ಣಗಿರುವ ನೀರು.

ಬ್ಯಾಟರಿ ಇಲ್ಲದ್ದಕ್ಕೆ ಹಾರ್ನಿಲ್ಲ. ಕೂಗೋಣ ಅಂದರೆ ಎರಡು ದಿನದಿಂದ ಗಂಟಲು ಕಟ್ಟಿತ್ತು, ಗಾಳಿ ಬಿಟ್ಟರೆ ಸ್ವರವೇ ಇಲ್ಲ. ಸೌಟು ತಗೊಂಡು ಸ್ಟೀಲ್ ತಟ್ಟೆ ಬಡಿದೆ, ತಟ್ಟೆ ಸೊಟ್ಟಗಾಗುವವರೆಗೆ. ಹುಟ್ಟಿನ ಸದ್ದೂ ನಿಂತಿತು. ಮುಗೀತು ಅಂದುಕೊಂಡೆ.

ಎಷ್ಟೋ ಹೊತ್ತಾದ ಮೇಲೆ ದೋಣಿ ಬಂದು ಬೋಟಿಗೆ ಗುದ್ದಿತು. ಇವರು ನಗುತ್ತಾ ಹತ್ತಿದರು.

"ಏನೇ, ಮುದುಕಿ ಆದಮೇಲೆ ಗಂಡನ ಹೆಸರು ಹಿಡಿದು ಕೂಗ್ತೀಯಾ? ಅದೂ ಪೂರ್ತಿ ಹೆಸರು!"

ನಾನು ಕೂಗಿಲ್ಲ ಅಂತ ಪಿಸುಗುಟ್ಟಿದೆ. ತಟ್ಟೆ ತೋರಿಸಿದೆ. ತಟ್ಟೆ ಸದ್ದು ಕೇಳಲೇ ಇಲ್ಲವಂತೆ. ಕೇಳಿದ್ದು ನನ್ನ ದನಿಯಂತೆ, ದೋಣಿ ಬಿಟ್ಟುಬಂದ ಕಡೆಯಿಂದ. ಅದಕ್ಕೇ ದೋಣಿ ತಿರುಗಿಸಿದರಂತೆ. ಬೆಳಿಗ್ಗೆ ನನ್ನ ಕಟ್ಟಿದ ಗಂಟಲಿಗೆ ಶುಂಠಿ ಕಷಾಯ ಕಾಸಿಕೊಟ್ಟವರೇ ಇವರು!

"ಭಯಕ್ಕೆ ಸ್ವರ ಬಂದಿರುತ್ತೆ ಬಿಡು. ನಾಚ್ಕೋಬೇಡ."

ದಡದಲ್ಲಿ ಯಾರಾದರೂ ಕೂಗಿದರೋ ಅಂದರೆ, ಪೂರ್ತಿ ಹೆಸರು ಅಲ್ಲಿ ಯಾರಿಗೆ ಗೊತ್ತು? ಇವರ ಕಿವಿಯ ಭ್ರಮೆ ಅಂದರೆ, ಆ ಭ್ರಮೆ ಸರಿಯಾಗಿ ನನ್ನ ಕಡೆಗೇ ಹೇಗೆ ತಿರುಗಿಸಿತು? ಓಮದಲ್ಲಿ ಹೋಗುವಂಥದ್ದಲ್ಲ ಇದು. ವರ್ಷಗಳಾದವು, ನನಗೆ ಬಗೆಹರಿದಿಲ್ಲ. ಇವರಿಗೆ ಬಗೆಹರಿಯಬೇಕಾದ್ದೇ ಇಲ್ಲ.

ಈ ಬೇಸಿಗೆಗೆ ಮತ್ತೆ ಅದೇ ನೀರಿಗೆ ಹೊರಟಿದ್ದಾರೆ. ಕೈಯಲ್ಲಿ ಒತ್ತುವ ಹಾರ್ನೊಂದು ತಗೊಳ್ಳಿ ರೀ ಅಂದೆ.

"ಅದ್ಯಾಕೆ ದಂಡ, ನೀನು ಕೂಗ್ತೀಯಲ್ಲ" ಅಂದರು.